ಮೌಲಾಲಿ ಮಾಸ್ತರರ ಕ್ಯಾಲಿಪ್ಸೊ

ಮೌಲಾಲಿ ಮಾಸ್ತರರ ಕೆಳತುಟಿಯ ಒಳಗೆ ಒಂದು ದಡ್ಡು ಇತ್ತು. ಕ್ಲಾರಿನೆಟ್ ಊದಿ ಊದಿ ಹಲ್ಲು ಒತ್ತಿದ ಜಾಗ. ಬೇರೆಯವರು ಮೆಡಲ್ ತೋರಿಸುವ ಹಾಗೆ ಅವರು ತುಟಿ ಮಡಚಿ ಅದನ್ನು ತೋರಿಸುತ್ತಿದ್ದರು. ಬಿಸಿ ಚಹಾ ಮುಟ್ಟುತ್ತಿರಲಿಲ್ಲ. ಬಸಿಗೆ ಸುರಿದು ಕೆನೆ ಕಟ್ಟುವತನಕ ಕಾಯುತ್ತಿದ್ದರು. ಚಳಿಗಾಲ ಬಂತೆಂದರೆ ತುಟಿಗೆ ಬೆಣ್ಣೆ. "ನನ್ನ ಹೊಲ ಮನಿ ಎಲ್ಲಾ ಇದರಾಗೇ ಐತಿ ನೋಡವಾ" ಅನ್ನುತ್ತಿದ್ದರು. ಇಷ್ಟು ಜೋಪಾನ ಮಾಡಿದ ಬಾಯಿಗೇ ದಿನವಿಡೀ ಜರ್ದಾ ಎಲೆ ತುರುಕುತ್ತಿದ್ದರು. ನಾವು ಯಾರೂ ಅದಕ್ಕೆ ಒಂದು ಮಾತು ಅನ್ನಲಿಲ್ಲ, ನಮ್ಮ ಮನೆಗಳಲ್ಲೂ ಎಲ್ಲರೂ ಅದನ್ನೇ ಜಗಿಯುತ್ತಿದ್ದರು.

ಮಕ್ತಲ್‌ನಲ್ಲಿ ನನ್ನ ತವರುಮನೆಗೂ ಅವರ ಮನೆಗೂ ಒಂದೇ ಗೋಡೆ. ಹರೆಯದಲ್ಲಿ ಅವರು ಮಾಗನೂರಿನ ಕಡೆಯ ಕೂಲಿಗಳ ಜೊತೆ ಮುಂಬಯಿಗೆ ಹೋಗಿ ಬಂದರಿನಲ್ಲಿ ಮೂಟೆ ಹೊತ್ತವರು. ಅಲ್ಲಿ ಗೋವೆಯ ಮುದುಕನೊಬ್ಬ ಕ್ಲಾರಿನೆಟ್ ಕಲಿಸಿದ. ಆತ ಊರಿಗೆ ಹೋಗುವಾಗ ಕ್ಲಾರಿನೆಟ್ಟನ್ನೂ ಒಂದು ಗ್ರಾಮಫೋನ್ ತಟ್ಟೆಯನ್ನೂ ಇವರ ಕೈಗಿಟ್ಟು ಹೋದನಂತೆ. ತಟ್ಟೆಯ ತುಂಬ ಕ್ಯಾಲಿಪ್ಸೊ ಹಾಡುಗಳು. ಸಮುದ್ರದ ಆಚೆ ಎಲ್ಲೋ ದ್ವೀಪಗಳಲ್ಲಿ, ಕಬ್ಬಿನ ಗದ್ದೆಗೆ ತಂದುಹಾಕಿದ ಕರಿಯ ಜನರ ಮೊಮ್ಮಕ್ಕಳು ಕಟ್ಟಿದ ಹಾಡುಗಳು ಅವು. ಕೇಳಿದರೆ ಸೊಂಟ ತಾನಾಗಿ ಅಲ್ಲಾಡಬೇಕು, ಅಂಥ ತಾಳ. ರಟ್ಟಿನ ಕವರು ಎಂದೋ ಹರಿದಿತ್ತು. ಮಾಸ್ತರರು ಆ ತಟ್ಟೆಯನ್ನು ನಾರಾಯಣಪೇಟೆ ಸೀರೆಯ ತುಂಡೊಂದರಲ್ಲಿ ಸುತ್ತಿ, ಕುರಾನಿನ ಕೆಳಗಿನ ಗೂಡಿನಲ್ಲಿ ಇಡುತ್ತಿದ್ದರು.

ಊರಿಗೆ ಬಂದು ಬ್ಯಾಂಡ್ ಕಟ್ಟಿದರು. ಮಕ್ತಲ್, ನಾರಾಯಣಪೇಟೆ, ಗದ್ವಾಲದ ಎಷ್ಟೋ ಮದುವೆ ಮೆರವಣಿಗೆಗಳು ತಮಗೇ ಗೊತ್ತಿಲ್ಲದೆ ಕ್ಯಾಲಿಪ್ಸೊಗೆ ಕುಣಿದಿವೆ. ಒಮ್ಮೆ ನಾರಾಯಣಪೇಟೆಯ ಸೀರೆ ಸಾವುಕಾರರ ಮನೆಯ ಮದುವೆ. ಬೀಗರಲ್ಲಿ ಒಬ್ಬ ಕುದುರೆಯ ಮುಂದೆ ನಿಂತು, "ಏ ಮಾಸ್ತರಾ, ಯಾವ್ದೋ ದೇಶದ್ದು ಬ್ಯಾಡ, ಸಿನಿಮಾದ್ದು ಹೊಡಿ" ಎಂದು ಗದರಿದ. ಮಾಸ್ತರರು ಟೋಪಿ ಸರಿಮಾಡಿಕೊಂಡು, "ಇದೊಂದು ಮುಗಿಲಿ ಸಾಹೇಬ್ರ, ಆಮ್ಯಾಲ ನೀವು ಹೇಳಿದ್ದು" ಎಂದರು. ಅದು ಮುಗಿಯುವಷ್ಟರಲ್ಲಿ ಗದರಿದವನೇ ಶಲ್ಯ ಬೀಸಿ ಕುಣಿಯುತ್ತಿದ್ದ. ಮದುಮಗನ ಅಜ್ಜಿ, ಮೊಣಕಾಲು ನೋವಿನವಳು, ರಿಕ್ಷಾದಿಂದ ಇಳಿದು ಬಂದಿದ್ದಳು. ಆ ಸಂಜೆ ಸಿನಿಮಾ ಹಾಡು ಯಾರೂ ಕೇಳಲಿಲ್ಲ. ಗದ್ವಾಲದ ಕಡೆಯ ಶಾಂತಿನಗರದ ತೆಲುಗು ಮಂದಿ ಅವರ ಈ ಕುಣಿಸುವ ಹಾಡಿಗೆ "ಮಾಸ್ತರ್ ಪಾಟ", ಮಾಸ್ತರರ ಹಾಡು, ಎಂದೇ ಹೆಸರಿಟ್ಟಿದ್ದರು.

ನನ್ನ ಮದುವೆಗೂ ಅವರೇ ಊದಿದರು. ಗಂಡನ ಊರು ಉಟ್ಕೂರಿಗೆ ಹೊರಡುವ ಮುಂಚೆ ಕೇಳಿದ್ದೆ: "ಕಾಕಾ, ಇಷ್ಟು ನಗೋ ಹಾಡಿನಾಗ ಏನು ಹೇಳ್ಯಾರ?"

"ನಗೋ ಹಾಡಲ್ಲ ಬೇಟಿ ಇದು. ಅಳಾಕ ಪುರಸೊತ್ತಿಲ್ದೋರ ಹಾಡು. ಮೂಟಿ ಹೊತ್ತಾಗ ನನಗ ತಿಳೀತು."

ಆಮೇಲೆ ಡಿಜೆ ಡಬ್ಬಗಳು ಬಂದವು. ಬ್ಯಾಂಡಿನವರು ಒಬ್ಬೊಬ್ಬರೇ ಹೈದರಾಬಾದಿಗೆ ವಾಚ್‌ಮನ್ ಕೆಲಸಕ್ಕೆ ಹೋದರು. ಮಾಸ್ತರರು ಕ್ಲಾರಿನೆಟ್ ಹಿಡಿದು ಮಾಳಿಗೆ ಹತ್ತಿ, ದಿನಾ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಒಬ್ಬರೇ ಊದುತ್ತಿದ್ದರು. ಕೆಳಗೆ ಮಗಳು ರೆಹಾನಾ ಬ್ಲೌಸ್ ಹೊಲಿಯುತ್ತಿದ್ದಳು. ತಾಯಿ ಸತ್ತ ಮೇಲೆ ಅವಳಿಗೆ ಅಬ್ಬಾ ಒಬ್ಬರೇ, ಅವರಿಗೆ ಅವಳೊಬ್ಬಳೇ.

ಎರಡು ವರ್ಷದ ಹಿಂದೆ ಅವರ ತುಟಿಯ ಒಳಗೆ, ದಡ್ಡಿನ ಪಕ್ಕದಲ್ಲಿ ಹುಣ್ಣಾಯಿತು. ಮಾಯಲಿಲ್ಲ. ರಾಯಚೂರಿನ ಡಾಕ್ಟರು ಪರೀಕ್ಷೆ ಮಾಡಿಸಿ, ಕ್ಯಾನ್ಸರ್ ಎಂದರು. ಹೈದರಾಬಾದಿಗೆ ಹೋಗಬೇಕು, ಕೆಳತುಟಿ ಮತ್ತು ದವಡೆಯ ತುಂಡು ತೆಗೆಯಬೇಕು, ತಡ ಮಾಡಬಾರದು. ಮಾಸ್ತರರು ಚಪ್ಪಲಿ ಮೆಟ್ಟಿ ಹೊರಗೆ ಬಂದುಬಿಟ್ಟರು. ಮನೆಗೆ ಬಂದು, "ನಾ ಕೊಯ್ಸಿಕೊಳ್ಳಂಗಿಲ್ಲ" ಎಂದರು.

ರೆಹಾನಾ ನನಗೆ ಫೋನ್ ಮಾಡಿದಳು. ಅಳುತ್ತಲೂ ಇರಲಿಲ್ಲ, ದನಿ ಒಣಗಿತ್ತು. "ಅಕ್ಕಾ, ನೀ ಬಾ. ನಿನ್ನ ಮಾತು ಕೇಳ್ತಾರ."

ಹೋದೆ. ನನ್ನ ಮಾತನ್ನೂ ಕೇಳಲಿಲ್ಲ. "ಸಾಯಾಕ ಅಂಜಿಕಿಲ್ಲವಾ ನನಗ. ಊದದಂಗ ಬದುಕೋದು ಹೆಂಗಂತ ಗೊತ್ತಿಲ್ಲ. ನಾ ಹೋದ್ರ ಈ ಹಾಡು ಯಾರ ಬಾಯಾಗ ಉಳೀತೈತಿ, ಹೇಳು."

ಆಗ ರೆಹಾನಾ ಹೊಲಿಗೆ ಮಿಷಿನಿನಿಂದ ಎದ್ದು ಬಂದು ಅವರ ಕಾಲು ಹಿಡಿದಳು. "ನಾ ಕಲೀತೀನಿ ಅಬ್ಬಾ. ಪೂರಾ ರಿಕಾರ್ಡು ಕಲೀತೀನಿ. ನೀವು ಆಪರೇಷನ್ ಮಾಡಿಸ್ಕೋರಿ. ನನ್ನ ಒಬ್ಬಾಕೀನ ಬಿಟ್ಟು ಹೋಗಬ್ಯಾಡ್ರಿ."

ಅವರು ಅವಳ ನೆತ್ತಿಯ ಮೇಲೆ ಕೈಯಿಟ್ಟರು. ಆಮೇಲೆ ಒಪ್ಪಿದರು.

ಹೊರಡುವ ದಿನ ಬೆಳಿಗ್ಗೆ ಮಾಳಿಗೆಯ ಮೇಲೆ ತಟ್ಟೆಯ ಎರಡೂ ಮಗ್ಗುಲಿನ ಹಾಡುಗಳನ್ನು ಊದಿದರು. ಓಣಿಯ ಜನ ಕಟ್ಟೆಗೆ ಬಂದು ನಿಂತರು. ಹಾಲಿನವನು ಗಾಡಿ ನಿಲ್ಲಿಸಿದ. ಇಳಿದು ಬಂದಾಗ ಮಾಸ್ತರರ ಗಲ್ಲದ ಮೇಲೆ ರಕ್ತವಿತ್ತು. ರೆಹಾನಾ ತನ್ನ ಓಢಣಿಯಿಂದ ಒರೆಸಿದಳು.

ಆಪರೇಷನ್ ಆಯಿತು. ಮುಖದ ಕೆಳಭಾಗ ಒಳಗೆ ಎಳೆದುಕೊಂಡಿತು. ಮಾತು ಹೋಯಿತು. ಆದರೂ ರೆಹಾನಾ ಮಾತಿಗೆ ತಪ್ಪದೆ ಕ್ಲಾರಿನೆಟ್ ಹಿಡಿದಳು. ಅವಳಿಗೆ ಅದು ಬರಲಿಲ್ಲ. ತಿಂಗಳುಗಟ್ಟಲೆ ಊದಿದಳು, ಕಿರ್ರೆನ್ನುವ ಸದ್ದು ಬಿಟ್ಟರೆ ಏನೂ ಹೊರಡಲಿಲ್ಲ. ಮಾಸ್ತರರು ಅವಳ ಬೆರಳು ಹಿಡಿದು ತೂತುಗಳ ಮೇಲೆ ಒತ್ತುತ್ತಿದ್ದರು, ತಲೆ ಅಲ್ಲಾಡಿಸುತ್ತಿದ್ದರು, ಮತ್ತೆ ಒತ್ತುತ್ತಿದ್ದರು. ಬಾಯಿಂದ ಹೇಳಿಕೊಡಲಾಗದ ಗುರು, ಕಿವಿಯಲ್ಲಿ ತಿಳಿದರೂ ಬಾಯಲ್ಲಿ ಬಾರದ ಶಿಷ್ಯೆ.

ಒಂದು ಮಧ್ಯಾಹ್ನ ನಾನೂ ಅಲ್ಲಿದ್ದೆ. ಮಾಸ್ತರರು ಒಮ್ಮೆಲೇ ಕ್ಲಾರಿನೆಟ್ ಕಿತ್ತುಕೊಂಡು ತಮ್ಮ ಬಾಯಿಗಿಟ್ಟರು. ಹಿಡಿಯಲು ತುಟಿ ಇರಲಿಲ್ಲ. ಗಾಳಿ ಬದಿಯಿಂದ ಸೋರಿ ಬುಸ್ಸೆಂದಿತು. ಮತ್ತೆ ಊದಿದರು, ಕತ್ತಿನ ನರ ಉಬ್ಬುವಂತೆ ಊದಿದರು. ಎಂಜಲು ಎದೆಯ ಮೇಲೆ ಇಳಿಯಿತು. ರೆಹಾನಾ "ಬಸ್ ಅಬ್ಬಾ, ಬಸ್" ಎಂದು ಕೈ ಹಿಡಿದರೆ ಅವಳನ್ನು ದೂಡಿದರು. ಕಡೆಗೆ ಕ್ಲಾರಿನೆಟ್ಟನ್ನು ತೊಡೆಯ ಮೇಲೆ ಹಾಕಿಕೊಂಡು, ಮಗುವನ್ನು ತಟ್ಟುವ ಹಾಗೆ ಅದನ್ನು ತಟ್ಟುತ್ತ ಅತ್ತರು. ಬಾಯಿಲ್ಲದವರ ಅಳು ಹೇಗಿರುತ್ತದೆ ಎಂದು ಅಂದು ಕೇಳಿದೆ. ಈಗಲೂ ಅದನ್ನು ನೆನೆಯಲು ನನಗೆ ಧೈರ್ಯವಿಲ್ಲ.

ರೋಗ ಗಂಟಲಿಗೆ ಇಳಿದಿದೆ, ಇನ್ನು ಮನೆಯಲ್ಲೇ ಇರಲಿ ಎಂದು ಡಾಕ್ಟರು ಹೇಳಿದ್ದು ಈ ಬೇಸಿಗೆಯಲ್ಲಿ. ಒಂದು ಮಂಗಳವಾರ ನೋಡಲು ಹೋದೆ. ಹಾಸಿಗೆಯಲ್ಲಿ ಮೂಳೆ ಮಾತ್ರ. ನನ್ನನ್ನು ಕಂಡು ಗೂಡಿನ ಕಡೆ ಬೆರಳು ತೋರಿಸಿದರು. ತಟ್ಟೆ ಬಿಚ್ಚಿ ಅವರ ಹಳೆಯ ಗ್ರಾಮಫೋನಿಗೆ ಹಾಕಿದೆ. ಗರಗರ ಸದ್ದಿನ ನಡುವೆ ಆ ಕುಣಿಸುವ ತಾಳ ಶುರುವಾಯಿತು.

ಒಳಗೆ ರೆಹಾನಾ ಗಂಜಿ ಕಾಯಿಸುತ್ತಿದ್ದಳು. ತನಗೆ ತಾನೇ ಎಂಬಂತೆ ತಟ್ಟೆಯ ಜೊತೆಗೆ ಹಾಡತೊಡಗಿದಳು. ಅರ್ಥ ಗೊತ್ತಿಲ್ಲದ ಮಾತುಗಳು, ಹುಟ್ಟಿದಾಗಿನಿಂದ ಕಿವಿಗೆ ಬಿದ್ದವು. ಒಂದೂ ತಪ್ಪಲಿಲ್ಲ. ಹಾಡುಗಾರ ಉಸಿರು ಎಳೆಯುವಲ್ಲಿ ಅವಳೂ ಎಳೆದಳು. ಮಾತಿಲ್ಲದ ಕಡೆ ಅಬ್ಬಾನ ಕ್ಲಾರಿನೆಟ್ಟಿನ ಗಮಕಗಳನ್ನೆಲ್ಲ ಗಂಟಲಲ್ಲೇ ತೆಗೆದಳು.

ಮಾಸ್ತರರ ಕಣ್ಣು ಅಗಲವಾದವು. ಸನ್ನೆ ಮಾಡಿ ತಟ್ಟೆ ನಿಲ್ಲಿಸಲು ಹೇಳಿದರು. ನಿಲ್ಲಿಸಿದೆ. ರೆಹಾನಾ ಗಾಬರಿಯಾಗಿ ಬಾಗಿಲಿಗೆ ಬಂದಳು. "ಯಾಕ ಅಬ್ಬಾ, ನೋವಾತೇನು?"

ಅವರು ಇಲ್ಲವೆಂದು ತಲೆ ಅಲ್ಲಾಡಿಸಿ, ಕೈಯೆತ್ತಿ, ಹಾಡು ಎಂದು ಸನ್ನೆ ಮಾಡಿದರು. ಅವಳು ಸೌಟು ಹಿಡಿದೇ ಅವರ ಕಾಲ ಬಳಿ ಕೂತು ಹಾಡಿದಳು. ಒಂದು ಮುಗಿದರೆ ಇನ್ನೊಂದಕ್ಕೆ ಸನ್ನೆ. ಅವರ ಬೆರಳು ಹೊದ್ದ ಕೌದಿಯ ಮೇಲೆ ತಾಳ ಹಾಕುತ್ತಿತ್ತು. ಒಲೆಯ ಮೇಲೆ ಗಂಜಿ ತಳ ಹಿಡಿಯಿತು, ಯಾರೂ ಏಳಲಿಲ್ಲ.

ಹೊರಗೆ ಉಟ್ಕೂರಿನ ಆಟೋ ಹಾರ್ನ್ ಹೊಡೆಯುತ್ತಲೇ ಇತ್ತು. ಇನ್ನೊಂದು ಮಗ್ಗುಲಿನ ಹಾಡುಗಳು ಉಳಿದಿದ್ದವು. "ಶುಕ್ರವಾರ ಬರ್ತೀನಿ ಕಾಕಾ. ಉಳಿದದ್ದು ಕೂತು ಕೇಳೋಣ" ಎಂದೆ. ಮಾಸ್ತರರು ಮಗಳ ಮುಖದಿಂದ ಕಣ್ಣು ತೆಗೆಯದೆ, ಹೋಗಿ ಬಾ ಎಂದು ಕೈ ಮಾತ್ರ ಆಡಿಸಿದರು.

ಶುಕ್ರವಾರ ಹೋದಾಗ ಮಾಸ್ತರರ ಹಾಸಿಗೆ ಸುತ್ತಿಟ್ಟಿದ್ದರು, ಅಂಗಳದಲ್ಲಿ ಅವರ ಕೌದಿ ಒಗೆದು ಒಣಹಾಕಿದ್ದರು.