ಕಾಯಿಲೆ ಕೇಳದ ಫಾರ್ಮು

ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಾಗ ನ್ಯೂಜೆರ್ಸಿಯಿಂದ ಓರಗಿತ್ತಿಯ ಫೋನು ಬಂತು. ವುಲ್ವರ್‌ಹ್ಯಾಂಪ್ಟನ್‌ನ ನಮ್ಮವರ ಅಂಗಡಿಗೆ ಹೋದವರು ಯಾರಾದರೂ ತಂದುಕೊಟ್ಟರಷ್ಟೇ ಲೆಮಿಂಗ್ಟನ್ ಎಂಬ ಈ ಇಂಗ್ಲಿಷ್ ಊರಿನ ನಮ್ಮ ಮನೆಗೆ ಅಂಥ ಎಳೆಸೊಪ್ಪು. ಬಾಡೀತೆಂದು ಫೋನನ್ನು ಸ್ಪೀಕರಿಗೆ ಹಾಕಿ ಬಿಡಿಸುತ್ತಲೇ ಇದ್ದೆ.

"ನಿನ್ನ ಮಗನಿಗೆ ಹದಿನೆಂಟು ತುಂಬ್ತಲ್ಲ, ಸೈನ್ಯಕ್ಕೆ ಹೆಸರು ಬರೆಸಿದ್ರಾ?"

"ಯಾವ ಸೈನ್ಯ ಅಕ್ಕಾ?"

"ಅಮೆರಿಕದ್ದೇ ಕಣೇ. ಇಲ್ಲಿ ಹುಟ್ಟಿದೋನು ತಾನೆ? ಎಲ್ಲೇ ಇರ್ಲಿ, ಗಂಡುಮಕ್ಕಳು ಬರೆಸಲೇಬೇಕು. ಬರೆಸದಿದ್ರೆ ಅಪರಾಧ. ನಮ್ಮವನದು ಯಾವಾಗ್ಲೋ ಆಯ್ತು. ನನ್ನ ಮೈದುನ ಮಹರಾಯ ಹೇಳ್ಲಿಲ್ವಾ?"

ಕೈ ನಿಂತಿತು. ನನ್ನ ಗಂಡನನ್ನು ಕಂಪನಿಯವರು ಎರಡು ವರ್ಷ ಅಲ್ಲಿಗೆ ಕಳಿಸಿದ್ದಾಗ ಹುಟ್ಟಿದ ಮಗು. ಹದಿನಾಲ್ಕು ತಿಂಗಳಿಗೆ ಇಲ್ಲಿಗೆ ಬಂದವನಿಗೆ ಆ ದೇಶದ ಒಂದು ಮರದ ನೆನಪೂ ಇಲ್ಲ. ಮೇಲಾಗಿ ಹದಿಮೂರನೇ ವಯಸ್ಸಿನಿಂದ ಅವನಿಗೆ ಫಿಟ್ಸ್. ದಿನಕ್ಕೆರಡು ಹೊತ್ತು ಮಾತ್ರೆ. ಕೊನೆಯ ಸಲ ಬಂದು ಒಂದು ವರ್ಷ ನಾಲ್ಕು ತಿಂಗಳಾಗಿತ್ತು. ಅವತ್ತೂ ಬಿದ್ದಿದ್ದು ಕಾರ್ಪೆಟ್ಟಿನ ಮೇಲೆ, ಬಚ್ಚಲಲ್ಲಲ್ಲ. ದೇವರು ದೊಡ್ಡವನು.

ಓರಗಿತ್ತಿಯ ಮಾತಿನಲ್ಲಿ ಅರ್ಧ ಕಳೆದು ನಂಬುವುದು ನನ್ನ ರೂಢಿ. ಸಂಜೆ ಗಂಡ ಕಂಪ್ಯೂಟರಿನಲ್ಲಿ ನೋಡಿ, ಈ ಸಲ ಪೂರ್ತಿ ನಿಜ ಎಂದರು. ಕಾಯಿಲೆ ಇರುವವರೂ ಬರೆಸಬೇಕಂತೆ.

"ಬರೀ ಹೆಸರು ಬರೆಸೋದು ಕಣೆ. ಈಗ ಯಾರನ್ನೂ ಕರೀತಿಲ್ಲ."

"ಕರೆಯಲ್ಲ ಅಂದ್ಮೇಲೆ ಹೆಸರು ಯಾಕ್ರೀ ಬೇಕು?"

"ಬೇಕಾದಾಗ ಇರ್ಲಿ ಅಂತ."

"ಅದನ್ನೇ ನಾನೂ ಹೇಳ್ತಿರೋದು!"

ಅವರು ಟಿವಿ ಹಾಕಿದರು.

ನನಗೆ ಒಂದೇ ಯೋಚನೆ. ಯಾವುದೋ ಊರಿನ ಶಿಬಿರದಲ್ಲಿ ಇವನಿಗೆ ಮಾತ್ರೆ ತಪ್ಪಿದರೆ? ಇವನಿಗೆ ಹೀಗಿದೆ ಅಂತ ಅವರ ಕಡತದಲ್ಲಿ ಮೊದಲೇ ಇರಬೇಕು. ನರರೋಗ ವಿಭಾಗದ ಪತ್ರಗಳನ್ನೆಲ್ಲ ವರ್ಷದ ಪ್ರಕಾರ ಜೋಡಿಸಿ ಫೈಲು ಮಾಡಿದೆ. ಜಿಪಿ, ಅಂದರೆ ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೊಸದೊಂದು ಪತ್ರ ಕೇಳಲು ಹೋದರೆ ರಿಸೆಪ್ಷನಿನ ಹುಡುಗಿ, ಯಾವ ದೇಶದ ಸೈನ್ಯ ಅಂತ ಎರಡು ಸಲ ಕೇಳಿದಳು. ಅವಳಿಗೆ ನನ್ನ ಮೇಲೇ ಅನುಮಾನ. ಆದರೂ ಪತ್ರ ಸಿಕ್ಕಿತು.

ಮುಂದಿನ ಶನಿವಾರ ಮಗ ಯೂನಿವರ್ಸಿಟಿ ಹತ್ತಿರದ ಫಾಲೋಫೀಲ್ಡ್‌ನ ತನ್ನ ರೂಮಿನಿಂದ ಬಂದ. ತಿಂಡಿ ತಿಂದವನೇ ಲ್ಯಾಪ್‌ಟಾಪ್ ತೆಗೆದ.

"ತಾಳೋ, ರಾಹುಕಾಲ ಮುಗೀಲಿ."

"ವಿಚ್ ಒನ್ ಅಮ್ಮಾ? ಇಲ್ಲೀದಾ, ಅಮೆರಿಕದ್ದಾ?"

ಪಂಚಾಂಗದ ಆ್ಯಪ್‌ಗೆ ನಮ್ಮ ಮನೆಯ ಪೋಸ್ಟ್‌ಕೋಡ್ ಹಾಕಿಟ್ಟಿದ್ದೇನೆ, ಅಮೆರಿಕದ್ದು ಹಾಕಿರಲಿಲ್ಲ. ಫಾರ್ಮು ಹೋಗಿ ಸೇರುವ ಊರು ಅದು ತಾನೆ ಎಂದು ಒಂದು ಗಳಿಗೆ ಗೊಂದಲವಾದದ್ದು ಸುಳ್ಳಲ್ಲ. "ಕೂತಿರೋದು ಇಲ್ಲಿ, ಇಲ್ಲೀದೇ," ಅಂದೆ. ಕಾದ ಪಾಪ.

ಹೆಸರು, ಹುಟ್ಟಿದ ದಿನ, ವಿಳಾಸ, ಆ ದೇಶದ ಗುರುತಿನ ನಂಬರು. ನಾನು ಫೈಲು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದೆ.

"ಡನ್, ಸಬ್ಮಿಟ್ ಒತ್ತೋದೊಂದೇ ಬಾಕಿ," ಅಂದ.

"ಕಾಯಿಲೆ ಎಲ್ಲಿ ಕೇಳ್ತಾರೆ?"

"ಕೇಳಲ್ಲ."

"ಮುಂದಿನ ಪುಟದಲ್ಲಿರುತ್ತೆ, ನೋಡು."

ಮೇಲಿಂದ ಕೆಳಗೆ ಎರಡು ಸಲ ಸರಿಸಿ ತೋರಿಸಿದ. ಮುಂದಿನ ಪುಟವೇ ಇರಲಿಲ್ಲ. ಯಾವತ್ತಾದರೂ ಕರೆದರೆ ದೇಹಪರೀಕ್ಷೆ ಆವಾಗಲಂತೆ, ಕಾಗದಪತ್ರವೂ ಆವಾಗಲಂತೆ. ಹೆಣ್ಣು ನೋಡಲು ಬಂದವರು ಒಂದು ಮಾತೂ ಕೇಳದೆ ಒಪ್ಪಿದರೆ ನಾವು ಅವರ ಬೆನ್ನ ಹಿಂದೆ ನಾಲ್ಕು ಕಡೆ ವಿಚಾರಿಸುವುದಿಲ್ಲವೇ? ಹಾಗಾಯಿತು ನನಗೆ.

"ಒತ್ತಬೇಡ. ಅವರಿಗೊಂದು ಮೇಲ್ ಬರಿ. ಮಗನಿಗೆ ಹೀಗಿದೆ ಅಂತ ತಾಯಿ ಹೇಳ್ತಿದ್ದಾಳೆ ಅಂತ ಬರಿ."

ಅವನು ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ. "ಅಮ್ಮಾ, ಲೈಸೆನ್ಸ್‌ನವರು ಕೇಳಿದ್ರು. ಯೂನಿವರ್ಸಿಟಿ ಕೇಳ್ತು. ಈಜೋಕೆ ಹೋದ್ರೆ ಅಲ್ಲೂ ಕೇಳಿದ್ರು. ಫಸ್ಟ್ ಟೈಮ್ ಒಂದು ಫಾರ್ಮ್ ಕೇಳಿಲ್ಲ. ಇದೊಂದು ಬಿಡು, ಪ್ಲೀಸ್."

"ಸೈನ್ಯದ ಫಾರ್ಮ್ ಕಣೋ ಇದು! ಖುಷಿಪಡೋ ವಿಷಯವಾ?"

"ಗೊತ್ತು. ಕರೆದ್ರೆ ನಿನ್ನ ಫೈಲ್ ತಗೊಂಡೇ ಹೋಗ್ತೀನಿ. ನೀನೂ ಬಾ. ನಿನ್ನ ಪ್ರಶ್ನೆ ಕೇಳಿ ಅವರೇ ಇಬ್ಬರನ್ನೂ ವಾಪಸ್ ಕಳಿಸ್ತಾರೆ."

ಅಡುಗೆಮನೆಯಿಂದ ಅವರಪ್ಪ ನಕ್ಕಿದ್ದು ಕೇಳಿಸಿತು. ನಾನು ನಗಲಿಲ್ಲ. ಈ ಐದು ವರ್ಷ ಸಿಕ್ಕ ಸಿಕ್ಕ ಫಾರ್ಮಿನಲ್ಲಿ ಆ ಒಂದು ಶಬ್ದ ಬರೆದವಳು ನಾನು; ಪಕ್ಕದಲ್ಲಿ ಕೂತು ಅದನ್ನು ಓದುತ್ತಿದ್ದವನು ಅವನು ಅಂತ ನನಗೆ ತೋಚಿರಲಿಲ್ಲ.

"ಸರಿ, ಒತ್ತು," ಅಂದೆ. ಬಾಯಲ್ಲಿ ದೇವರ ಹೆಸರು ಹೇಳಿಕೊಂಡೆ.

ಒಂದು ನಂಬರು ಬಂತು. ಅದನ್ನು ಪ್ರಿಂಟು ಮಾಡಿಸಿ, ಫೈಲಿನಲ್ಲಿ ಆಸ್ಪತ್ರೆಯ ಪತ್ರಗಳ ಕೆಳಗೆ ಇಟ್ಟೆ. ನಾಳೆ ಯಾರು ತೆರೆದರೂ ಮೊದಲು ಕಾಣುವುದು ಡಾಕ್ಟರ ಸಹಿ. ಕೇಳದವರನ್ನು ನಾನಿನ್ನೂ ನಂಬಿಲ್ಲ. ಮಗ ಮನೆಯಲ್ಲಿದ್ದಾನೆ, ಬೆಳಗಿನ ಮಾತ್ರೆ ನನ್ನ ಕಣ್ಣೆದುರೇ ನುಂಗಿದ್ದಾನೆ; ಆ ದಿನಕ್ಕೆ ಅಷ್ಟು ಸಾಕಿತ್ತು.

ಅವನು ಮೂರು ವಾರದ ಬಟ್ಟೆ ಮೂಟೆ ಕಟ್ಟಿ ತಂದಿದ್ದ. ಬಿಚ್ಚಿ, ಬಿಳಿಯದನ್ನು ಬೇರೆ ಮಾಡಿ, ಮೆಷಿನ್‌ಗೆ ತುಂಬಲು ಶುರುಮಾಡಿದೆ.