ಮೂರು ವಾರ ಬಿಟ್ಟು

ನಾನು ಆಶಾ ಕಾರ್ಯಕರ್ತೆ. ತಿಪಟೂರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದೂರದಲ್ಲಿರುವ ನಮ್ಮೂರಲ್ಲಿ ಮಗು ಹುಟ್ಟಿದ ದಿನದಿಂದ ಅದರ ಬೆನ್ನು ಬೀಳುವವಳು ನಾನೇ. ಯಾವ ಮಗುವಿಗೆ ಯಾವ ಗುರುವಾರ ಯಾವ ಚುಚ್ಚುಮದ್ದು ಎಂದು ಪುಸ್ತಕ ತೆಗೆಯದೆ ಹೇಳಬಲ್ಲೆ. ಗುರುವಾರ ಅಂಗನವಾಡಿಗೆ ನರ್ಸಮ್ಮ ಬರುವ ಮೊದಲೇ ಮನೆಮನೆಯ ಬಾಗಿಲು ಬಡಿದಿರುತ್ತೇನೆ. ತಾಯಂದಿರ ನೆಪಗಳೆಲ್ಲ ನನಗೆ ಕಂಠಪಾಠ. ಮಗುವಿಗೆ ನೆಗಡಿ, ಇವತ್ತು ಅಮಾವಾಸ್ಯೆ, ಅವರಪ್ಪ ಬೇಡ ಅಂದಿದ್ದಾರೆ. ಯಾವುದಕ್ಕೂ ನಾನು ಬಗ್ಗುವವಳಲ್ಲ. ನನ್ನ ಬಾಯಿಗೆ ಹೆದರಿ ಮರದಿಂದ ತೆಂಗಿನಕಾಯಿ ತಾನಾಗಿ ಉದುರುತ್ತದೆ ಎಂದು ಊರವರು ಆಡಿಕೊಳ್ಳುತ್ತಾರೆ. ಉದುರಲಿ ಬಿಡಿ, ಈಗ ಕಾಯಿ ಕೀಳುವವರು ಸಿಗುವುದೇ ಕಷ್ಟ.

ಇಂಥ ನನ್ನ ಮನೆಯಲ್ಲೇ ಹೋದ ವರ್ಷ ಒಂದು ನಾಯಿಮರಿ ಸತ್ತುಹೋಯಿತು. ಅದಕ್ಕೂ ಚುಚ್ಚುಮದ್ದು ಹಾಕಿಸಬೇಕಿತ್ತು. ನಾಳೆ, ನಾಡಿದ್ದು ಎಂದು ನಾನೇ ತಳ್ಳಿಕೊಂಡು ಬಂದೆ. ವಾಂತಿಭೇದಿ ಹಿಡಿದು ಮೂರೇ ದಿನಕ್ಕೆ ಹೋಯಿತು. ನನ್ನ ಅತ್ತೆ ಅದನ್ನು ತೋಟದಲ್ಲಿ ಹೂತು ಬಂದು, ಕೈಕಾಲು ತೊಳೆದುಕೊಂಡು, ಒಂದೇ ಒಂದು ಮಾತು ಆಡಿದರು.

"ಮನೆಗೆ ಮಾರಿ, ಊರಿಗೆ ಉಪಕಾರಿ."

ನಾನು ಹೋಗಿ ಮರಿಯ ಹಾಲಿನ ತಟ್ಟೆ ತೊಳೆದಿಟ್ಟೆ.

ಈ ವರ್ಷ ಕಂದಿಕೆರೆಯಿಂದ ನಮ್ಮಕ್ಕ ಇನ್ನೊಂದು ಮರಿ ಕಳಿಸಿದಳು. ಕಂದು ಬಣ್ಣದ ಗಂಡು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿಕೊಂಡಿತ್ತು. ನನ್ನ ಗಂಡನಿಗೆ ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿದ ಕಾಯಿ ಬಿಟ್ಟರೆ ಬೇರೆ ಲೋಕವಿಲ್ಲ, ಮರಿ ಬಂದದ್ದು ಅವರಿಗೆ ತಿಳಿದದ್ದೇ ಎರಡು ದಿನದ ಮೇಲೆ. ಅತ್ತೆಯಂತೂ ಅದನ್ನು ಮುಟ್ಟಲಿಲ್ಲ. ನಿನ್ನ ನಾಯಿ, ನಿನ್ನ ಪಾಡು ಎಂದುಬಿಟ್ಟರು. ಆದರೆ ಸೂಜಿ ಯಾವಾಗ, ಸೂಜಿ ಯಾವಾಗ ಎಂದು ದಿನಕ್ಕೆ ನಾಲ್ಕು ಸಲ ಕೇಳತೊಡಗಿದರು.

ತಿಪಟೂರಿನ ನಾಯಿ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಗುರುವಾರ ಬೆಳಿಗ್ಗೆ ತನ್ನಿ ಎಂದರು. ಊರಿನ ಕೂಸುಗಳೆಲ್ಲ ನನ್ನ ತಲೆ ಮೇಲೆ ಕೂರುವ ದಿನವೇ! ಬೇರೆ ದಿನ ಕೊಡಿ ಎಂದು ನಾನು ಕೇಳುವುದರೊಳಗೆ ಅತ್ತೆ ಪಕ್ಕದಲ್ಲಿ ನಿಂತು ತಾವೇ ಹೋಗುವುದಾಗಿ ಫೋನಿಗೆ ಕೇಳುವಂತೆ ಕೂಗಿದರು. ನನ್ನನ್ನು ನಂಬಿ ಕೂತರೆ ತೋಟದಲ್ಲಿ ಇನ್ನೊಂದು ಗುಂಡಿ ತೋಡಬೇಕಾಗುತ್ತದೆ ಎಂದೂ ಸೇರಿಸಿದರು. ಡಾಕ್ಟರಮ್ಮ ಅದನ್ನೂ ಕೇಳಿಸಿಕೊಂಡರು.

ಆ ಪ್ರಯಾಣದ ಕಥೆಯನ್ನು ಅದೇ ಬಸ್ಸಿನಲ್ಲಿದ್ದ ಪಕ್ಕದ ಮನೆಯವಳು ಬಂದು ಹೇಳಿದಳು. ಅತ್ತೆ ಮರಿಯನ್ನು ಟವೆಲಿನಲ್ಲಿ ಸುತ್ತಿ ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರಂತೆ. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಹೆಂಗಸರ ಫ್ರೀ ಟಿಕೆಟ್ ಕೊಡುವಾಗ ಟವೆಲಿನ ಸಂದಿಯಿಂದ ಬಾಲ ಹೊರಬಂತು.

"ಅಜ್ಜಿ, ಫ್ರೀ ಇರೋದು ಹೆಂಗಸ್ರಿಗೆ. ಇದು ಗಂಡೋ ಹೆಣ್ಣೋ?"

"ಎಳೇ ಕೂಸು ಕಣಪ್ಪ, ಅದಕ್ಕೇ ಇನ್ನೂ ಗೊತ್ತಿಲ್ಲ."

ಬಸ್ಸಿಗೆ ಬಸ್ಸೇ ನಕ್ಕಿತಂತೆ. ಕಂಡಕ್ಟರ್ ಮುಂದಿನ ಸೀಟಿಗೆ ಹೋದನಂತೆ.

ಸಂಜೆ ಅತ್ತೆ ಕಾರ್ಡನ್ನು ನನ್ನ ಕೈಗಿಟ್ಟು ವರದಿ ಒಪ್ಪಿಸಿದರು. ಮೊದಲನೆಯ ಸೂಜಿ ಆಯಿತು, ಎರಡನೆಯದಕ್ಕೆ ಮೂರು ವಾರ ಬಿಟ್ಟು ಬರಬೇಕಂತೆ, ಅಲ್ಲಿಯತನಕ ಮರಿಯನ್ನು ಹೊರಗಿನ ನೆಲಕ್ಕೆ ಬಿಡಬಾರದಂತೆ, ಬಿಟ್ಟರೆ ಹಳೇ ಮರಿಗೆ ಬಂದ ರೋಗವೇ ಬರಬಹುದಂತೆ. ಕಾರ್ಡನ್ನು ನಾನು ಗೋಡೆಯ ಕೆಳಗಿನ ಗೂಡಿನಲ್ಲಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಮರಿ ಅದನ್ನು ಎಳೆದು ತಾರೀಖಿನ ಸಮೇತ ತಿಂದುಹಾಕಿತ್ತು. ನಾನೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಗುರುವಾರದಿಂದ ಮೂರು ವಾರ ಎಂದರೆ ಗುರುವಾರವೇ. ಜನ್ಮವೆಲ್ಲ ಅದೇ ಲೆಕ್ಕ ಮಾಡುವವಳಿಗೆ ಕಾರ್ಡು ಬೇರೆ ಬೇಕೇ?

ಅತ್ತೆಗೆ ಓದು ಬರದು. ಅವರು ಅಟ್ಟದ ಏಣಿಯ ಪಕ್ಕದ ಗೋಡೆಗೆ ಮಸಿಯಲ್ಲಿ ಗೆರೆ ಎಳೆಯುತ್ತಿದ್ದರು. ನಾನು ನೋಡಿದ್ದೆ. ಕಾಯಿಯ ಲೆಕ್ಕ ಇರಬೇಕು ಎಂದುಕೊಂಡಿದ್ದೆ.

ಒಂದು ಸೋಮವಾರ ಮನೆ ಭೇಟಿ ಮುಗಿಸಿ ಮಧ್ಯಾಹ್ನ ಬಂದರೆ ಅತ್ತೆ ಜಗಲಿಯ ಮೇಲೆ ಹೊರಗೆ ಹೋಗುವ ಸೀರೆಯಲ್ಲಿ ಕೂತಿದ್ದರು. ಮಡಿಲಲ್ಲಿ ಮರಿ, ಮುಖದಲ್ಲಿ ಸಿಟ್ಟು. ತಿಪಟೂರಿಗೆ ಹೋಗಿದ್ದರಂತೆ, ಡಾಕ್ಟರಮ್ಮ ಸೂಜಿ ಹಾಕದೆ ವಾಪಸು ಕಳಿಸಿದರಂತೆ.

"ಆ ಡಾಕ್ಟ್ರಮ್ಮಂಗೆ ಲೆಕ್ಕಾನೇ ಬರಲ್ಲ ಕಣೇ. ಮೂರು ವಾರ ಬಿಟ್ಟು ಬಂದಿದೀನಿ ಅಂದ್ರೆ, ಹನ್ನೊಂದೇ ದಿನ ಆಗಿರೋದು ಅಂತಾಳೆ."

ನನಗೆ ಪಿತ್ತ ನೆತ್ತಿಗೇರಿತು. ಅಟ್ಟದ ಕಾಯಿ ಕೊಬ್ಬರಿಯಾಗಲು ವರ್ಷಗಟ್ಟಲೆ ಕಾಯುವ ಹೆಂಗಸಿಗೆ ಮೂರು ವಾರ ಕಾಯಲಾಗಲಿಲ್ಲವೇ ಎಂದು ಕೂಗಾಡಿದೆ. ಅತ್ತೆ ನನ್ನನ್ನು ಕೈಹಿಡಿದು ಒಳಗೆ ಎಳೆದುಕೊಂಡು ಹೋಗಿ ಗೋಡೆಯ ಗೆರೆ ತೋರಿಸಿದರು.

"ಶನಿವಾರ ಒಂದು, ಸೋಮವಾರ ಎರಡು, ಮತ್ತೆ ಶನಿವಾರ ಮೂರು. ಮೂರು ವಾರ ಬಿಟ್ಟು ಇವತ್ತು ಹೋದೆ. ನಾನೇನು ದಡ್ಡೀನಾ?"

ಅಯ್ಯೋ ದೇವರೇ. ನಮ್ಮ ಮನೆಯಲ್ಲಿ ವಾರ ಎಂದರೆ ಏಳು ದಿನವಲ್ಲ, ಮನೆದೇವರ ದಿನ. ಸೋಮವಾರ ಒಂದು, ಶನಿವಾರ ಒಂದು. ಇವತ್ತು ವಾರ ಎಂದರೆ ನೆಲ ತೊಳೆಯಬೇಕು, ತಲೆಗೆ ನೀರು ಹಾಕಿಕೊಳ್ಳಬೇಕು, ಪೂಜೆಯಾಗುವ ತನಕ ಅತ್ತೆ ಬಾಯಿಗೆ ಏನೂ ಹಾಕುವುದಿಲ್ಲ. ಮದುವೆಯಾಗಿ ಹದಿನೆಂಟು ವರ್ಷ ಏಳು ದಿನಕ್ಕೆ ಎರಡು ಸಲ ಆ ಮಾತು ಕೇಳಿದ್ದೇನೆ. ಆದರೂ ನನಗೆ ಹೊಳೆದಿರಲಿಲ್ಲ.

ಆಗಲೇ ಇನ್ನೊಂದು ಮುಖ ನೆನಪಾಯಿತು. ಎರಡು ತಿಂಗಳ ಹಿಂದೆ ತೋಟದ ಮನೆಯ ಹುಡುಗಿಯೊಬ್ಬಳು ತನ್ನ ಮೊದಲ ಕೂಸನ್ನೆತ್ತಿಕೊಂಡು ಅಂಗನವಾಡಿಗೆ ಬಂದಿದ್ದಳು. ನಾನು ನಾಲ್ಕು ವಾರ ಬಿಟ್ಟು ಬಾ ಎಂದರೆ ಅವಳು ಹದಿನೈದೇ ದಿನಕ್ಕೆ ಬಂದಿದ್ದಳು. ವಾರ ಎಣಿಸಲೂ ಬರುವುದಿಲ್ಲವೇ ಎಂದು ಎಲ್ಲರ ಎದುರಿಗೆ ಬೈದು ಕಳಿಸಿದ್ದೆ. ನಾಲ್ಕು ವಾರ ಆಯ್ತಲ್ಲಕ್ಕ ಎಂದು ಅವಳು ಮೆಲ್ಲಗೆ ಅಂದದ್ದು ಈಗ ಕೇಳಿಸಿತು. ನನಗೆ ಬಹಳ ನಾಚಿಕೆಯಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಡಾಕ್ಟರಮ್ಮನ ಬಾಗಿಲಲ್ಲಿ ಮರಿ ಉಚ್ಚೆ ಹೊಯ್ಯಲು ಒದ್ದಾಡಿತೆಂದು ಅತ್ತೆ ಅದನ್ನು ಒಂದು ಗಳಿಗೆ ನೆಲಕ್ಕೆ ಬಿಟ್ಟಿದ್ದರಂತೆ. ಪಕ್ಕದಲ್ಲೇ ಯಾವುದೋ ಕಾಯಿಲೆ ನಾಯಿ ಮಲಗಿತ್ತಂತೆ. ಮಾರನೆಯ ಬೆಳಿಗ್ಗೆ ಮರಿ ವಾಂತಿ ಮಾಡಿತು.

ಇಷ್ಟು ದಿನ ನಿನ್ನ ನಾಯಿ ಎನ್ನುತ್ತಿದ್ದ ಅತ್ತೆ ಅದನ್ನು ಎದೆಗವಚಿಕೊಂಡು, "ಇನ್ನೊಂದನ್ನ ಹೂಳೋಕೆ ನನ್ ಕೈಲಾಗಲ್ಲ ಕಣೇ" ಎಂದರು. ಡಾಕ್ಟರಮ್ಮನಿಗೆ ಫೋನ್ ಹಚ್ಚಿದರೆ, ವಾಂತಿಯಲ್ಲಿ ಏನಿದೆ ನೋಡಿ ಎಂದರು. ಬಗ್ಗಿ ನೋಡಿದೆ. ಬಿಳಿ ಬಿಳಿ ಚೂರು. ಕಡ್ಡಿಯಲ್ಲಿ ಕೆದಕಿದೆ. ಕೊಬ್ಬರಿ!

ಅತ್ತೆ ಗೋಡೆ ಕಡೆ ತಿರುಗಿದರು. ನಿನ್ನೆ ವಾರವಲ್ಲವೇ, ದೇವರ ಮುಂದಿಟ್ಟದ್ದನ್ನು ಮರಿಗೂ ಒಂದು ಚೂರು ಕೊಟ್ಟೆ ಎಂದರು. ಎಷ್ಟು ಚೂರು ಎಂದೆ. ಒಂದು ಗಿಟುಕು, ಎಂದರೆ ಅರ್ಧ ಕೊಬ್ಬರಿ, ಬೆಲ್ಲದ ಜೊತೆ. ನಾನು ಫೋನ್ ಹಿಡಿದುಕೊಂಡೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆ ಕಡೆ ಡಾಕ್ಟರಮ್ಮನೂ ನಕ್ಕರು, ಆದರೂ ಒಂದು ವಾರ ಕಣ್ಣಿಟ್ಟಿರಿ ಎಂದರು. ವಾರ ಎಂದರೆ ಎಷ್ಟು ದಿನ ಎಂದು ನಾನು ಮೊದಲ ಸಲ ಕೇಳಿ ತಿಳಿದುಕೊಂಡೆ. ಸಂಜೆಯ ಹೊತ್ತಿಗೆ ಮರಿ ನನ್ನ ಚಪ್ಪಲಿ ಕಡಿಯುತ್ತಿತ್ತು.

ಸರಿಯಾದ ಗುರುವಾರ ಬಂತು. ಅತ್ತೆ ಟವೆಲು, ಮರಿ, ಆಧಾರ್ ಕಾರ್ಡ್ ಹಿಡಿದು ಬಸ್ಸು ಹತ್ತಿದರು. ನಾನು ಅಂಗನವಾಡಿಯಲ್ಲಿ ತೋಟದ ಮನೆಯ ಹುಡುಗಿಯನ್ನು ಎಲ್ಲರ ಎದುರಿಗೇ ಕರೆದು, ಅವತ್ತು ಲೆಕ್ಕ ತಪ್ಪಿದ್ದು ನಂದು ಕಣಮ್ಮ ಎಂದೆ. ಅವಳು ಹೆದರಿ ನರ್ಸಮ್ಮನ ಮುಖ ನೋಡಿದಳು. ಅವತ್ತಿನಿಂದ ನಾನು ನಾಲ್ಕು ವಾರ ಎನ್ನುವುದನ್ನು ಬಿಟ್ಟು, ಬೆರಳು ಮಡಿಸಿ ನಾಲ್ಕು ಗುರುವಾರ ಎನ್ನುತ್ತೇನೆ.

ಎರಡು ಗಂಟೆ ದಾಟಿದ ಮೇಲೆ ಮನೆಗೆ ಬಂದೆ. ಅತ್ತೆ ಆಗಲೇ ಬಂದಿದ್ದರು, ಮರಿ ಸೂಜಿಯ ಸುಸ್ತಿನಲ್ಲಿ ಅವರ ಕಾಲ ಬಳಿ ಮಲಗಿತ್ತು. ಹೊಸ ಕಾರ್ಡು ಕೊಟ್ಟರು. ಮಾಲೀಕರು ಎಂದಿದ್ದ ಜಾಗದಲ್ಲಿ ಅತ್ತೆಯ ಹೆಬ್ಬೆಟ್ಟಿನ ಗುರುತು ನೀಲಿಯಾಗಿ ಮೂಡಿತ್ತು. ಇದು ಯಾವಾಗಿನಿಂದ ನಿಮ್ಮ ನಾಯಿಯಾಯಿತು ಎಂದು ಕೆಣಕಿದೆ. ಅತ್ತೆ ಬಗ್ಗಿ ಮರಿಯ ಮಡಿಚಿದ ಕಿವಿ ನೇವರಿಸಿದರು. ಮೂರನೆಯ ಸೂಜಿ ಯಾವಾಗ ಎಂದೆ.

"ಮತ್ತೆ ಮೂರು ವಾರ ಬಿಟ್ಟು. ನನ್ ವಾರ ಅಲ್ಲ ಕಣೇ, ನಿನ್ ವಾರ."

ನನಗೆ ಯಾವ ವಾರವೂ ಇಲ್ಲವಲ್ಲ ಅತ್ತೆ ಎಂದೆ.

"ಗುರುವಾರ. ಊರ್ ಮಕ್ಳಿಗೆಲ್ಲ ಸೂಜಿ ಆಗೋಗಂಟ ನೀನೂ ಅವತ್ತು ಬಾಯಿಗೆ ಏನೂ ಹಾಕ್ಕಳಲ್ವಲ್ಲ."

ಹಾಗೆಂದು, ನನಗಾಗಿ ಮುಚ್ಚಿಟ್ಟಿದ್ದ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ಮುದ್ದೆ ಮುರಿದು ಸಾರಿಗೆ ಅದ್ದಿದೆ.