ದೊಡ್ಡವ್ವನಿಗೆ ಬುದ್ಧಿ ಐತೋ ಇಲ್ಲವೋ

ತಮ್ಮ ಸಿದ್ದಪ್ಪನಿಗೆ ಆಶೀರ್ವಾದ. ನಿನ್ನ ಮಂಡಿನೋವು ಹೇಗಿದೆ? ಗಂಗವ್ವನ ಕೆಮ್ಮು ಇಳಿಯಿತೇ?

ಇವತ್ತು ಮಧ್ಯಾಹ್ನ ನಮ್ಮೂರು ಮತ್ತೋಡಿಗೆ ಅಮಲ್ದಾರರು ಬಂದಿದ್ದರು. ನಮ್ಮ ದೊಡ್ಡವ್ವನಿಗೆ ಮರೆವು ಹೆಚ್ಚಾಗಿದೆಯಂತೆ, ಅವಳ ಹೊಲಮನೆ ನೋಡಿಕೊಳ್ಳಲು ತನ್ನನ್ನೇ ಪೋಷಕನಾಗಿ ನೇಮಿಸಬೇಕಂತೆ. ಹಾಗೆಂದು ಅವಳ ಮೈದುನನ ಮಗ ರುದ್ರಣ್ಣ ಅರ್ಜಿ ಹಾಕಿದ್ದ. ಅವನ ಕರುಣೆ ಅಷ್ಟು ದೊಡ್ಡದು.

ಅಮಲ್ದಾರರು, "ಅಮ್ಮಾ, ನಿಮ್ಮ ಯಜಮಾನರ ಹೆಸರೇನು?" ಎಂದರು. ದೊಡ್ಡವ್ವ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಮೂರು ಸಲ ಕೇಳಿದರೂ ಬಾಯಿ ಬಿಡಲಿಲ್ಲ.

"ನೋಡಿದ್ರಾ ಸ್ವಾಮಿ, ಕಟ್ಟಿಕೊಂಡ ಗಂಡನ ಹೆಸರೇ ಮರ್ತೈತೆ," ಅಂದ ರುದ್ರಣ್ಣ. ಗುಮಾಸ್ತ ಅದನ್ನೇ ಬರೆದುಕೊಳ್ಳತೊಡಗಿದ.

ನಾನು ತಡೆಯಲಾರದೆ, "ಅರ್ಜಿದಾರನ ಹೆಂಡ್ತಿ ಅಲ್ಲೇ ನಿಂತವಳೆ ಸ್ವಾಮಿ. ಅವಳನ್ನೂ ಗಂಡನ ಹೆಸರು ಕೇಳ್ರಿ," ಅಂದೆ. ಕೇಳಿದರು. ಆಕೆಯೂ ಸೆರಗು ಎಳೆದುಕೊಂಡು ಗೋಡೆ ನೋಡಿದಳು.

ಆಗ ದೊಡ್ಡವ್ವ ಮೆಲ್ಲಗೆ, "ಪಾಪ, ಇವಳಿಗೂ ಮರೆವು ಬಂದೈತೆ. ಇವಳ ಒಡವೆ ನೋಡ್ಕಳಾಕೆ ನನ್ನನ್ನ ನೇಮಿಸ್ರಿ ಸ್ವಾಮಿ," ಅಂದಳು.

ಅಮಲ್ದಾರರು ಅರ್ಜಿಯನ್ನು ಮಡಿಸಿ ರುದ್ರಣ್ಣನ ಕೈಗೇ ಕೊಟ್ಟರು. ಸದ್ಯಕ್ಕೆ ಹೊಲ ದೊಡ್ಡವ್ವನದೇ.

ಗಂಡನ ಹೆಸರೇನೆಂದು ನಿನ್ನ ಗಂಗವ್ವನನ್ನೂ ಒಮ್ಮೆ ಕೇಳಿ ನೋಡು. ಹೇಳದಿದ್ದರೆ ಬೇಗ ಕಾಗದ ಬರಿ, ರುದ್ರಣ್ಣ ಈಗ ಬಿಡುವಾಗಿದ್ದಾನೆ.